ಹದಿನೇಳನೆಯ ಪ್ರಶ್ನೆ

ಕಾಡವ್ವನ ಕಾಲುಂಗುರ ತೆಗೆಯಲು ಅರ್ಧ ತಾಸು ಹಿಡಿಯಿತು. ಎಂಆರ್‌ಐ ಕೋಣೆಯೊಳಗೆ ಲೋಹದ ಒಂದು ಪಿನ್ನು ಕೂಡ ಹೋಗುವಂತಿಲ್ಲ. ತಾಳಿ, ಮೂಗುತಿ, ಕಿವಿಯ ಓಲೆ, ಸೆರಗಿನ ಪಿನ್ನು ಎಲ್ಲವನ್ನೂ ಬಿಚ್ಚಿಸಿ ನನ್ನ ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದೆ. ಕಾಲುಂಗುರಗಳು ಮಾತ್ರ ಮದುವೆಯಾದಾಗಿನಿಂದ ಅದೇ ಬೆರಳಿನಲ್ಲಿ ಕೂತು ಮಾಂಸಕ್ಕೆ ಹತ್ತಿಕೊಂಡಿದ್ದವು. ಸಾಬೂನು ಹಚ್ಚಿದೆ, ಎಣ್ಣೆ ಹಚ್ಚಿದೆ, ಕೊನೆಗೆ ದಾರ ಸುತ್ತಿ ಎಳೆದೆ.

"ಬೆರಳ ಕಿತ್ತ ತಗೊಂಡ ಬಿಡ್ರಿ ಅಕ್ಕಾರ, ಒಮ್ಮೆಗೆ ಮುಗೀತೈತಿ" ಎಂದಳು ಕಾಡವ್ವ.

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದಕ್ಕೆ ನಾನು ಈ ಸೀಮೆಗೆಲ್ಲ ಅಕ್ಕಾರ. ಸಾಲಿ ಬಿಟ್ಟು ಮೂರು ವರ್ಷವಾಯಿತು. ಈಗ ಬೆಂಗಳೂರಿನ ಒಂದು ಸಂಸ್ಥೆಯ ಸಂಶೋಧನೆಗೆ ಮನೆಮನೆ ತಿರುಗಿ ಪ್ರಶ್ನೆ ಕೇಳುವ ಕೆಲಸ ಮಾಡುತ್ತೇನೆ. ಮುಟ್ಟು ನಿಂತ ಮೇಲೆ ಹೆಂಗಸರ ಮೆದುಳಿನಲ್ಲಿ ಏನು ಬದಲಾಗುತ್ತದೆ, ಚಿಕ್ಕ ವಯಸ್ಸಿನಲ್ಲೇ ಗರ್ಭಚೀಲ ತೆಗೆಸಿದವರಿಗೆ ಮುಂದೆ ಮರೆವಿನ ರೋಗ ಹೆಚ್ಚಾಗಿ ಬರುತ್ತದೆಯೇ ಎಂಬುದು ಅವರು ತಿಳಿಯಬೇಕಾದ ವಿಷಯ. ಊರೂರಲ್ಲಿ ಹೆಂಗಸರನ್ನು ಕೇಳಿ, ಟ್ಯಾಬಿನ ಫಾರ್ಮ್ ತುಂಬಿ ಕಳಿಸುವುದು ನಾವು. ಅವರಲ್ಲಿ ಕೆಲವರನ್ನು ಆರಿಸಿ ಮೆದುಳಿನ ಚಿತ್ರ ತೆಗೆಯುವುದು ಅವರು. ಗೋಕಾಕದ ಒಂದು ಸ್ಕ್ಯಾನ್ ಸೆಂಟರನ್ನು ಇದಕ್ಕಾಗಿ ಭಾನುವಾರದ ಮಟ್ಟಿಗೆ ಗೊತ್ತು ಮಾಡಿದ್ದರು. ಆ ಭಾನುವಾರ ಮೊದಲ ತಂಡ, ಅದರಲ್ಲಿ ಮೊದಲನೆಯವಳು ಕೌಜಲಗಿಯ ಕಾಡವ್ವ.

ಯಂತ್ರ ನೋಡಿಕೊಳ್ಳುವ ಶುಭಮ್ ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ.

"ಮೈಯಾಗ ಕಬ್ಬಿಣದ್ದು, ಸ್ಟೀಲಿಂದು ಏನರ ಹಾಕ್ಯಾರೇನ್ರಿ?"

"ನನ್ನ ಮೈಯಾಗ ಯಾರ ಯಾಕ ಸ್ಟೀಲ್ ಹಾಕ್ತಾರಪಾ?"

"ಹಂಗಲ್ರಿ, ಚೀಲ ತಗದಾಗ ಒಳಗ ಕ್ಲಿಪ್ ಬಿಟ್ಟಿರತಾರ, ಅದಕ್ಕ ಕೇಳಾಕತ್ತೇನಿ."

ಕಾಡವ್ವ ಹೆಗಲಿನ ಕೈಚೀಲವನ್ನು ಮುಂದೆ ಮಾಡಿದಳು. "ಚೀಲ ಎಲ್ಲಿ ತಗದೇನಿ? ಇಲ್ಲೇ ಐತಲ್ಲ. ಇದರಾಗ ರೊಟ್ಟಿ ಐತಿ."

ಹಿಂದೆ ಸಾಲಾಗಿ ಕೂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಶುಭಮ್ ಕೆಂಪಗಾದ. ಅವನ ಕಷ್ಟ ನೋಡಲಾರದೆ ನಾನೇ ಬಾಯಿ ಹಾಕಿದೆ. "ಆ ಚೀಲ ಅಲ್ಲಬೇ. ಮಕ್ಕಳ ಚೀಲ."

"ಅದೂ ಐತ್ರಿ. ಅದೆಲ್ಲಿ ಹೋಗತೈತಿ? ಹೋದ ವಾರನ ತಿಂಗಳದ್ದು ಬಂದು ನಡಾ ಮುರದ ಬಿಟ್ಟಿತ್ತ."

ಶುಭಮ್ ಕಾಗದ ನೋಡಿದ. ನಾನೂ ಬಗ್ಗಿ ನೋಡಿದೆ. ಗರ್ಭಚೀಲ ತೆಗೆಯಲಾಗಿದೆ, ತೆಗೆದಾಗಿನ ವಯಸ್ಸು ಇಪ್ಪತ್ತಾರು ಎಂದು ಅಚ್ಚಾಗಿತ್ತು. ಅದರ ಕೆಳಗೆ ಫಾರ್ಮ್ ತುಂಬಿದವರ ಹೆಸರು: ದಾಕ್ಷಾಯಿಣಿ. ನನ್ನದು.

ಮತ್ತೆ ಕಾಲುಂಗುರ ತೊಡಿಸುವುದು ತೆಗೆಯುವುದಕ್ಕಿಂತ ಕಷ್ಟವಾಯಿತು.

ಸಪ್ನಾ ನನ್ನನ್ನು ನೀರಿನ ಫಿಲ್ಟರ್ ಇಟ್ಟ ಮೂಲೆಗೆ ಕರೆದಳು. ಅವಳು ಹುಕ್ಕೇರಿಯ ಹುಡುಗಿ, ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿದವಳು. ವಯಸ್ಸು ಇಪ್ಪತ್ತೊಂಬತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಕೆಲಸ ಅವಳ ಉಸ್ತುವಾರಿಯಲ್ಲಿ ನಡೆಯುತ್ತದೆ. ಜಾಣೆ, ಸಭ್ಯಳು. ಅವಳ ಸಭ್ಯತೆಯನ್ನೇ ಆ ದಿನ ನನಗೆ ತಡೆದುಕೊಳ್ಳಲಾಗಲಿಲ್ಲ.

"ಮೇಡಂ, ಇದನ್ನ ನೀವ ತುಂಬಿದ್ದಲ್ರಿ?"

"ಹೌದು."

"ಮತ್ತ ಚೀಲ ತಗದಾರ ಅಂತ ಹೆಂಗ ಬಂತು?"

"ಆಕಿ ಹೇಳಿರಬೇಕವಾ."

"ಹೇಳಿರಬೇಕೋ, ಹೇಳ್ಯಾಳೋ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಕಾಡವ್ವನ ಅಂಗಳ ಕಣ್ಣ ಮುಂದೆ ಬಂತು, ಕಟ್ಟಿದ ಆಡು ಬಂತು, ಅವಳು ಕೊಟ್ಟ ಚಹಾದಲ್ಲಿ ಶುಂಠಿ ಜಾಸ್ತಿಯಾಗಿದ್ದೂ ಬಂತು. ಆ ಪ್ರಶ್ನೆ ಕೇಳಿದ್ದು ಮಾತ್ರ ಬರಲಿಲ್ಲ. ಇನ್ನೂರ ಹನ್ನೆರಡು ಮನೆಯಲ್ಲಿ ಅದೇ ಪ್ರಶ್ನೆ ಕೇಳಿದವಳಿಗೆ ಒಂದು ಮನೆಯದು ಬೇರೆಯಾಗಿ ಹೇಗೆ ನೆನಪಿರುತ್ತದೆ? ಈ ಮಾತು ನನಗೆ ಹೊಳೆದದ್ದು ಮನೆಗೆ ಹೋದ ಮೇಲೆ. ಆಗ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು ಕುಡಿದೆ.

"ತಪ್ಪ ತಿಳ್ಕೋಬ್ಯಾಡ್ರಿ ಮೇಡಂ" ಎಂದಳು ಸಪ್ನಾ, ದನಿ ಇಳಿಸಿ. "ಈಗೀಗ ನಿಮಗ ಸ್ವಲ್ಪ ಮರವು ಆಗಾಕತ್ತೇತೇನು? ಹೋದ ತಿಂಗಳ ಘಟಪ್ರಭಾ ಸ್ಟ್ಯಾಂಡಿನಾಗ ಟ್ಯಾಬ್ ಬಿಟ್ಟ ಬಂದಿದ್ರಿ."

"ಯಲ್ಲಾಲಿಂಗ ಎರಡ ಸಲ ಬಿಟ್ಟ ಬಂದಾನ."

"ಅಂವಂದು ಬ್ಯಾರೆ ಬಿಡ್ರಿ. ಅಂವಗ ಲಗ್ನ ಗೊತ್ತಾಗೇತಿ."

ಯಲ್ಲಾಲಿಂಗ ನನ್ನಂತೆಯೇ ಫಾರ್ಮ್ ತುಂಬುವವನು, ಹುಕ್ಕೇರಿ ಕಡೆಯವನು. ಅವನು ಟ್ಯಾಬ್ ಮರೆತರೆ ಲಗ್ನದ ಗುಂಗು. ನಾನು ಮರೆತರೆ ಮೆದುಳು.

ಶುಕ್ರವಾರ ಬೆಂಗಳೂರಿನ ದೊಡ್ಡ ಡಾಕ್ಟರ ಜೊತೆ ಆನ್‌ಲೈನ್ ಸಭೆ ಇದೆ, ಅಷ್ಟರೊಳಗೆ ಈ ತಪ್ಪಿಗೆ ಕಾರಣ ಬರೆದು ಕೊಡಬೇಕು ಎಂದಳು ಸಪ್ನಾ. ಫಾರ್ಮ್ ತುಂಬಿದವರ ಮರೆವಿನಿಂದ ಆದ ತಪ್ಪು ಎಂದಾದರೆ ಅವರು ತುಂಬಿದ ಯಾವ ಫಾರ್ಮನ್ನೂ ನಂಬುವಂತಿಲ್ಲ. ನನ್ನ ಇನ್ನೂರ ಹನ್ನೆರಡೂ ಕಸದ ಬುಟ್ಟಿಗೆ. ನಾನೂ ಹೊರಗೆ. ಮರೆವಿನ ಸಂಶೋಧನೆಯಿಂದ ಮರೆವಿನ ಕಾರಣಕ್ಕೆ ತೆಗೆದುಹಾಕಿಸಿಕೊಂಡವಳು ಎಂದು ನಮ್ಮ ಓಣಿಯಲ್ಲಿ ಹೆಸರು ಬರುತ್ತದೆ. ಅದನ್ನಾದರೂ ಸಹಿಸಿಯೇನು. ನನ್ನ ತಲೆಯ ಮೇಲೆ ನನಗೇ ನಂಬಿಕೆ ಹೋದರೆ ಏನು ಮಾಡಲಿ?

ಮನೆಯಲ್ಲಿ ನಮ್ಮವರು, ಅಣ್ಣಪ್ಪ, ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಅವರ ಹಣೆಯ ಮೇಲಿತ್ತು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ದಿನಕ್ಕೆ ಮೂರು ಸಲ ಕನ್ನಡಕ ಹುಡುಕುವುದು ಅವರ ಉದ್ಯೋಗ. ಅದನ್ನು ಈ ಮನೆಯಲ್ಲಿ ಯಾರೂ ರೋಗವೆಂದು ಕರೆದಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

"ನಾ ಮೊದಲ ಹೇಳಿದ್ನೆಲ್ಲ, ಈ ತಿರುಗಾಟ ಬ್ಯಾಡ ಅಂತ" ಎಂದರು. "ಮೊನ್ನೆ ಅಡಿಗಿಮನ್ಯಾಗ ನಿಂತು ಹಿಟ್ಟ ಸೋಸೂ ಸಾಣಿಗಿಗೆ ಏನಂತಾರ ಅಂತ ನನ್ನ ಕೇಳಿದಿ."

"ಕೈಯಾಗ ಹಿಟ್ಟ ಹತ್ತಿತ್ತು, ತಲ್ಯಾಗ ನೂರ ಎಂಟ ಇದ್ದವು. ಹೆಸರ ಬರಲಿಲ್ಲ."

"ಅದನ್ನ ನಾ ಹೇಳೂದು. ನಿಮ್ಮವ್ವಂದೂ ಹಿಂಗ ಸುರು ಆಗಿತ್ತ."

ಇದನ್ನು ಅವರು ಆಡಬಾರದಿತ್ತು. ಆಡಿದ ಮೇಲೆ ಅವರಿಗೂ ಗೊತ್ತಾಯಿತು, ಎದ್ದು ಟಿವಿ ಹಚ್ಚಿದರು.

ನಮ್ಮವ್ವನಿಗೆ ಮೂವತ್ತೈದಕ್ಕೇ ಗರ್ಭಚೀಲ ತೆಗೆಸಿದ್ದರು. ಅರವತ್ತಾಗುವಷ್ಟರಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಆಮೇಲೆ ಮಕ್ಕಳ ಹೆಸರು ಅದಲುಬದಲಾದವು, ಆಮೇಲೆ ಹೆಸರುಗಳೇ ಹೋದವು. ಕೊನೆಯ ವರ್ಷ ನನ್ನನ್ನು ಕಂಡಾಗಲೆಲ್ಲ "ಅಕ್ಕಾರ ಬಂದ್ರು, ಚಾಪಿ ಹಾಸ್ರಿ" ಎನ್ನುತ್ತಿದ್ದಳು. ನನ್ನ ಕೆಲಸ ಅವಳಿಗೆ ನೆನಪಿತ್ತು, ನಾನು ಮಗಳೆಂಬುದು ಇರಲಿಲ್ಲ. ಊರವರೆಲ್ಲ ಅರಳು ಮರಳು ಎಂದರು, ಡಾಕ್ಟರೂ ವಯಸ್ಸಾಯಿತಲ್ಲ ಎಂದರು. ಯಾರೂ ಒಂದು ಪರೀಕ್ಷೆ ಮಾಡಿಸಲಿಲ್ಲ, ನಾನೂ ಮಾಡಿಸಲಿಲ್ಲ. ಈ ಕೆಲಸ ಸಿಕ್ಕಾಗ ಅದಕ್ಕೇ ಹಿಂದೆ ಮುಂದೆ ನೋಡದೆ ಒಪ್ಪಿದ್ದೆ.

ಈಗ ನನಗೆ ಐವತ್ತಮೂರು. ಮುಟ್ಟು ನಿಂತು ಎರಡು ವರ್ಷ. ಅಂದಿನಿಂದ ನನ್ನನ್ನು ನಾನೇ ಕಾವಲು ಕಾಯುತ್ತಿದ್ದೇನೆ. ಗ್ಯಾಸು ಆರಿಸಿದೆನೇ, ಬೀಗ ಹಾಕಿದೆನೇ, ಈ ಮಾತನ್ನು ಇವರಿಗೆ ಒಮ್ಮೆ ಹೇಳಿದ್ದೆನೇ ಎಂದು ದಿನವೆಲ್ಲ ತಪಾಸಣೆ. ಇಷ್ಟು ಕಾವಲಿದ್ದೂ ಕಾಡವ್ವನ ಫಾರ್ಮ್ ಹೇಗೆ ತಪ್ಪಿತು?

ಸೋಮವಾರ ಮೊದಲ ಬಸ್ಸಿಗೇ ಕೌಜಲಗಿಗೆ ಹೋದೆ. ಕಾಡವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತ ಕೂತಿದ್ದಳು.

"ಬರ್ರಿ ಅಕ್ಕಾರ. ಇವತ್ತೇನ ಬಿಚ್ಚಸಾಕ ಬಂದೀರಿ?"

"ಸುಮ್ಮ ಕೂಡಬೇ. ಒಂದ ಮಾತ ಖರೆ ಹೇಳು. ನಾ ಅವತ್ತ ನಿನಗ ಏನಂತ ಕೇಳಿದ್ದೆ?"

"ನಿಮಗ ನೆನಪಿಲ್ಲೇನ್ರಿ?"

"ನನಗ ನೆನಪ ಐತೋ ಇಲ್ಲೋ ಬಿಡು. ನೀ ಹೇಳು."

ಕಾಡವ್ವ ತೆನೆ ಕೆಳಗಿಟ್ಟಳು. "ಆಪರೇಶನ್ ಆಗೇತೇನು ಅಂತ ಕೇಳಿದ್ರಿ. ಆಗೈತಿ ಅಂದ್ನಿ. ಎಷ್ಟನೇ ವರ್ಷಕ್ಕ ಅಂದ್ರಿ. ನಮ್ಮ ಸಣ್ಣಾಂವ ಹುಟ್ಟಿ ಆರ ತಿಂಗಳಿಗೆ, ನನಗ ಇಪ್ಪತ್ತಾರು ಇದ್ದಾಗ ಅಂದ್ನಿ. ಒತ್ತಿದ್ರಿ. ಮುಂದ ಕೇಳ್ತೀರಂತ ಕೂತ್ರ, ಚಾ ಕುಡದು ಎದ್ದ ಹೋದ್ರಿ."

"ಯಾವ ಆಪರೇಶನ್?"

ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತು. ಹಿಂದಿನ ಬೆಂಚಿನಲ್ಲಿ ಕೂತು ಹಳೆಗನ್ನಡಕ್ಕೆ ಆಕಳಿಸುವ ಹುಡುಗರನ್ನು ನಾನು ಹಾಗೆ ನೋಡುತ್ತಿದ್ದೆ.

"ಆಪರೇಶನ್ ಅಂದ್ರ ಎಷ್ಟ ನಮೂನಿ ಅದಾವ್ರಿ ಅಕ್ಕಾರ? ಮಕ್ಕಳ ಸಾಕು ಅಂತ ಮಾಡಸ್ತಾರಲ್ಲ, ಅದ. ಸಾಲಿ ಕಲಿಸಿದಾಕಿ ಇಷ್ಟೂ ತಿಳಿಯೂದಿಲ್ಲೇನು?"

"ಚೀಲ ತಗಿಸಿದವರು ಏನಂತಾರ ಮತ್ತ?"

"ಚೀಲ ತಗಿಸೇನಿ ಅಂತಾರ. ಅದಕ್ಯಾರ ಆಪರೇಶನ್ ಅಂತಾರ?"

ಅಂಗಳದ ಕಲ್ಲಿನ ಮೇಲೆ ನಾನು ಕೂತೇಬಿಟ್ಟೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ. ನಮ್ಮ ಕಡೆ ಹೆಂಗಸಿನ ಬಾಯಲ್ಲಿ ಆಪರೇಶನ್ ಎಂದರೆ ಒಂದೇ, ಸಂತಾನಹರಣ ಶಸ್ತ್ರಚಿಕಿತ್ಸೆ. ಕಣ್ಣಿನದಾದರೆ ಪೊರೆ ತೆಗೆಸಿದೆ ಎನ್ನುತ್ತಾರೆ, ಹೊಟ್ಟೆಯದಾದರೆ ಹೊಟ್ಟಿ ಕೊಯ್ಸೇನಿ ಎನ್ನುತ್ತಾರೆ. ನಾನೂ ನನ್ನ ಎರಡನೇ ಮಗಳಾದ ಮೇಲೆ ಮಾಡಿಸಿಕೊಂಡಾಗ ಅತ್ತೆಗೆ ಹಾಗೇ ಹೇಳಿದ್ದೆ. ಟ್ಯಾಬ್ ತೆಗೆದು ಫಾರ್ಮ್ ನೋಡಿದೆ. ಹದಿನೇಳನೆಯ ಪ್ರಶ್ನೆ: ಆಪರೇಶನ್ ಆಗಿದೆಯೇ? ಹೌದು ಎಂದು ಒತ್ತಿದರೆ, ಎಷ್ಟನೇ ವಯಸ್ಸಿನಲ್ಲಿ? ಅದನ್ನು ತುಂಬಿದರೆ ನೇರ ಕೊನೆಯದಾದ ಇಪ್ಪತ್ತಕ್ಕೆ ಹಾರುತ್ತಿತ್ತು. ಮುಟ್ಟು ನಿಂತಿದೆಯೇ ಎಂಬ ಹದಿನೆಂಟನೆಯ ಪ್ರಶ್ನೆ ಬರುತ್ತಲೇ ಇರಲಿಲ್ಲ. ಗರ್ಭಚೀಲವೇ ಇಲ್ಲದವಳಿಗೆ ಅದನ್ನೇಕೆ ಕೇಳಬೇಕೆಂದು ಬೆಂಗಳೂರಿನಲ್ಲಿ ಯಾರೋ ಯೋಚನೆ ಮಾಡಿ ಜೋಡಿಸಿದ್ದರು.

ಇಪ್ಪತ್ತಾರು ಎಂದಾಗಲಾದರೂ ನನಗೆ ಸಂಶಯ ಬರಬೇಕಿತ್ತಲ್ಲ ಎಂದು ನೀವು ಕೇಳಬಹುದು. ಬರುವುದಿಲ್ಲ. ನಮ್ಮ ಊರುಗಳಲ್ಲಿ ಬಿಳಿ ಹೋಗುತ್ತದೆ, ನಡು ನೋಯುತ್ತದೆ ಎಂದು ಹೋದವಳಿಗೆ ಇಪ್ಪತ್ತಾರಕ್ಕೂ ಗರ್ಭಚೀಲ ತೆಗೆದು ಕಳಿಸಿದ್ದಾರೆ.

ಅವಮಾನವಾಗಬೇಕಾದ ಜಾಗದಲ್ಲಿ ನನಗೆ ಸಮಾಧಾನವಾಯಿತು. ತಲೆಯ ತಪ್ಪಲ್ಲ. ಬೆಂಗಳೂರಿನವರ ತಪ್ಪು! ಫಾರ್ಮ್ ಮಾಡಿದವರಿಗೆ ನಮ್ಮ ಮಾತು ತಿಳಿದಿಲ್ಲ, ಅಷ್ಟೇ. ಕಾಡವ್ವ ಕೊಟ್ಟ ಚಹಾ ಕುಡಿದೆ. ಆ ದಿನವೂ ಶುಂಠಿ ಜಾಸ್ತಿಯಾಗಿತ್ತು.

ಬುಧವಾರ ಸಂಜೆಯವರೆಗೆ ಮೂಡಲಗಿ ಸುತ್ತಿದೆ. ಇಪ್ಪತ್ತಮೂರು ಹೆಂಗಸರನ್ನು ಮತ್ತೆ ಕೇಳಿದೆ. ಹದಿನಾಲ್ಕು ಮಂದಿ ಕಾಡವ್ವನ ಹಾಗೆಯೇ, ಚೀಲ ಜೋಪಾನವಾಗಿಟ್ಟುಕೊಂಡವರು. ನಾಲ್ಕು ಮಂದಿ ಉಲ್ಟಾ. ಅವರಲ್ಲಿ ಶಿವವ್ವ ಎಂಬಾಕೆ ಮೂಡಲಗಿಯವಳು, ಮನೆಯ ಮುಂದೆ ಕಿರಾಣಿ ಅಂಗಡಿ. ಅವಳ ಫಾರ್ಮಿನಲ್ಲಿ ಆಪರೇಶನ್ ಇಲ್ಲ, ಮುಟ್ಟು ಮೂವತ್ತೊಂದಕ್ಕೆ ತಾನಾಗಿ ನಿಂತಿದೆ ಎಂದಿತ್ತು.

"ನನಗ ಆಪರೇಶನ್ ಆಗಿಲ್ರಿ" ಎಂದಳು ಶಿವವ್ವ ಈಗಲೂ, ಖಡಾಖಂಡಿತವಾಗಿ. "ಆಪರೇಶನ್ ಮಾಡಸಬೇಕು ಮಾಡಸಬೇಕು ಅನ್ನೂದರಾಗ ಚೀಲಾನ ತಗದ ಬಿಟ್ರಲ್ಲ. ಮತ್ತ ಆಪರೇಶನ್ ಎದಕ ಬೇಕು?"

"ಬರೇ ಚೀಲ ತಗದಾರೋ, ಬಾಜೂಕಿನ ಅಂಡಾಶಯಾನೂ ತಗದಾರೋ?" ಸಂಶೋಧನೆಗೆ ಇದು ಬಹಳ ಮುಖ್ಯ ಎಂದು ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಚೀಲ ಹೋದರೂ ಅಂಡಾಶಯ ಉಳಿದಿದ್ದರೆ ಮೈಯಲ್ಲಿ ಹೆಣ್ಣಿನ ಹಾರ್ಮೋನು ಇನ್ನಷ್ಟು ವರ್ಷ ಇರುತ್ತದೆ.

"ಏನೇನ ತಗದಾರೋ ಶಿವನ ಬಲ್ಲ. ಒಂದ ಬೋಗಾಣ್ಯಾಗ ಹಾಕಿ ನಮ್ಮ ಮನಿಯವರಿಗೆ ತೋರಿಸಿದ್ರಂತ. ಇವರು ಕಣ್ಣ ಮುಚಗೊಂಡ್ರಂತ. ನೋಡಿದ್ರೇನ್ರಿ ಅಂತ ನರ್ಸಬಾಯಿ ಕೇಳಿದ್ರ ನೋಡಿದ್ನಿ ಅಂದ್ರಂತ."

ಒಳಗಿನಿಂದ ಗಂಡಸಿನ ದನಿ ಬಂತು. "ಆ ಮಾತ ಎಲ್ಲಾರ ಮುಂದ ಯಾಕ ಹೇಳ್ತಿ?"

"ನೋಡಿದ್ರ ಹೇಳ್ತಿದ್ದಿಲ್ಲ!" ಎಂದು ಶಿವವ್ವ ಕೂಗಿದಳು. ಕಾಗದಪತ್ರ ಕೇಳಿದೆ. ಮನೆ ಕಟ್ಟುವಾಗ ಎಲ್ಲೋ ಹೋದವು ಎಂದಳು. ಒಬ್ಬ ಹೆಂಗಸಿನ ಮೈಯೊಳಗೆ ಏನಿದೆ ಏನಿಲ್ಲ ಎಂಬುದಕ್ಕೆ ಕಣ್ಣು ಮುಚ್ಚಿಕೊಂಡ ಗಂಡನೊಬ್ಬನೇ ಸಾಕ್ಷಿ. ಇದನ್ನು ಯಾವ ಫಾರ್ಮಿನಲ್ಲಿ ತುಂಬಲಿ?

ಗುರುವಾರ ಹುಕ್ಕೇರಿಗೆ ಹೋದೆ. ಬಸ್ಸಿನಲ್ಲಿ ಕೂತು ಸಪ್ನಾಳಿಗೆ ಹೇಳಬೇಕಾದ ಮಾತನ್ನು ಮೂರು ಸಲ ಮನಸ್ಸಿನಲ್ಲೇ ಓದಿಕೊಂಡೆ. ಸ್ವಲ್ಪ ಖಾರವಾಗಿಯೇ ಇತ್ತು. ಅವಳ ಕಚೇರಿ ಎಂದರೆ ಒಂದು ಮಹಡಿಯ ಕೋಣೆ, ಒಂದು ಮೇಜು, ಎರಡು ಕುರ್ಚಿ.

"ನನ್ನ ಮರವಲ್ಲವಾ ಇದು" ಎಂದೆ, ಕೂಡ್ರುವ ಮೊದಲೇ. ಇಪ್ಪತ್ತಮೂರು ಹೆಸರಿನ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. "ನಿಮ್ಮ ಫಾರ್ಮಿನ ಹಣೇಬಾರ. ಹಳ್ಳಿ ಹೆಂಗಸರಿಗೆ ಬರೇ ಆಪರೇಶನ್ ಅಂದ್ರ ಏನ ತಿಳೀತೈತಿ ಅಂತ ಬೆಂಗಳೂರಾಗ ಕೂತವರಿಗೆ ಗೊತ್ತಿಲ್ಲ. ಇದನ್ನ ಬರದ ಪುಣ್ಯಾತ್ಮರು ಯಾರು?"

ಸಪ್ನಾ ಪಟ್ಟಿಯನ್ನು ಓದಿದಳು. ಅವಳ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

"ನಿನ್ನೆ ನಾನೂ ಇದನ್ನ ಹುಡುಕಾಕತ್ತಿದ್ದೆ ಮೇಡಂ" ಎಂದಳು. "ಇದನ್ನ ಕೇಳ್ರಿ."

ಫೋನಿನಲ್ಲಿ ಒಂದು ಧ್ವನಿ ಸಂದೇಶ. ನಮ್ಮ ವಾಟ್ಸಾಪ್ ಗುಂಪಿನದು, ಏಳು ತಿಂಗಳು ಹಳೆಯದು. ಹೆಂಗಸಿನ ದನಿ, ಬಹಳ ವಿಶ್ವಾಸದ ದನಿ.

"ಸಪ್ನಾ, ಹದಿನೇಳನೇ ಪ್ರಶ್ನಿ ನೋಡಿದೆ. ಗರ್ಭಾಶಯ ನಿರ್ಮೂಲನ ಶಸ್ತ್ರಚಿಕಿತ್ಸೆ ಅಂತ ಬರದಾರ. ಇದೇನು ಸೊಳ್ಳಿ ನಿರ್ಮೂಲನ ಆತೇನು? ಹಳ್ಳ್ಯಾಗ ಯಾರಿಗೂ ತಿಳಿಯಂಗಿಲ್ಲ. ಸುಮ್ಮ ಆಪರೇಶನ್ ಅಂತ ಹಾಕಸ್ರಿ. ಎಲ್ಲಾರಿಗೂ ತಿಳೀತೈತಿ."

ನನ್ನದೇ ದನಿ. ಸೊಳ್ಳೆಯ ಮಾತು ಹೇಳಿ ನಾನೇ ಸ್ವಲ್ಪ ನಕ್ಕದ್ದೂ ಕೇಳಿಸಿತು.

ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ಎಲ್ಲಿ ನಿಂತು ಹೇಳಿದೆ, ಯಾವ ಹೊತ್ತಿನಲ್ಲಿ ಹೇಳಿದೆ, ಏನೂ ಇಲ್ಲ. ನಮ್ಮವ್ವ ಒಮ್ಮೆ ತಾನೇ ಹೊಲಿದ ಕುಪ್ಪಸವನ್ನು ಹಿಡಿದು ಇದು ಯಾರದು ಎಂದು ಮನೆಮಂದಿಯನ್ನೆಲ್ಲ ಕೇಳಿದ್ದಳು.

"ನನಗ ನೆನಪಿಲ್ಲ ಸಪ್ನಾ" ಎಂದೆ. ಅದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂದು ಐವತ್ತು ದಾಟಿದವರಿಗೆ ಮಾತ್ರ ಗೊತ್ತು.

"ನನಗೂ ನೆನಪಿರಲಿಲ್ಲ ಮೇಡಂ."

"ಏನು?"

"ಇದರ ಕೆಳಗ ನೋಡ್ರಿ." ಸಂದೇಶದ ಕೆಳಗೆ ಸಪ್ನಾಳ ಹೆಸರಿನಲ್ಲಿ ಎತ್ತಿದ ಹೆಬ್ಬೆರಳು, ಜೊತೆಗೆ 'ಸೂಪರ್ ಮೇಡಂ, ಬದಲಾಯಿಸಾಕ ಕಳಸ್ತೇನಿ' ಎಂಬ ಮಾತು. "ನಾನ ಕಳಿಸಿ, ನಾನ ಮರ್ತೇನಿ. ಹುಡುಕಿದಾಗ ಸಿಕ್ತು. ಹುಕ್ಕೇರ್ಯಾಗ ಹುಟ್ಟಿದಾಕಿ ನಾನು, ನಮ್ಮವ್ವಗೂ ಆಪರೇಶನ್ ಆಗೈತಿ. ನನಗರ ಹೊಳೀಬೇಕಿತ್ತಿಲ್ರಿ? ಭಾನುವಾರ ನಿಮಗ ಮರವು ಅಂತ ಅಂದ್ನೆಲ್ಲ…" ಅವಳು ಪಟ್ಟಿಯ ಮೂಲೆಯನ್ನು ಮಡಚತೊಡಗಿದಳು. "ನಾ ಮರತ್ರ ಪಾಪ, ಕೆಲಸ ಜಾಸ್ತಿ ಅಂತಾರ. ನನ್ನ ಮೆದುಳಿನ ಮ್ಯಾಲೆ ಯಾರೂ ಬರೂದಿಲ್ಲ."

ಹೇಳಲು ಸಿದ್ಧಮಾಡಿಕೊಂಡು ಬಂದಿದ್ದ ಖಾರದ ಮಾತೆಲ್ಲ ಈಗ ನನ್ನ ಮೇಲೆಯೇ ತಿರುಗಿತ್ತು. ಪದ ನನ್ನದು, ತಪ್ಪು ನನ್ನದು. ಕಾವಲಿದ್ದದ್ದು ನೆನಪಿನ ಬಾಗಿಲಿಗೆ. ಜಾಣತನದ ಬಾಗಿಲಿಗೆ ಯಾರೂ ಇರಲಿಲ್ಲ.

"ಯಲ್ಲಾಲಿಂಗನ ಫಾರ್ಮ್ ತಗಿ" ಎಂದೆ ಕೊನೆಗೆ. ಅವನು ತುಂಬಿದವರಲ್ಲಿ ಹತ್ತು ಮಂದಿಗೆ ಫೋನು ಮಾಡಿದೆವು. ಆರು ಮಂದಿಯದು ತಪ್ಪಾಗಿತ್ತು.

ಶುಕ್ರವಾರ ಅದೇ ಕೋಣೆಯಲ್ಲಿ ಸಪ್ನಾಳ ಬಾಜೂ ಕೂತು ದೊಡ್ಡ ಡಾಕ್ಟರನ್ನು ಪರದೆಯ ಮೇಲೆ ನೋಡಿದೆ. ಹಿಂದೆ ಪುಸ್ತಕದ ಕಪಾಟು, ಮುಖದಲ್ಲಿ ದಣಿವು. ಕೆಟ್ಟವರಲ್ಲ. ಸಪ್ನಾ ಎಲ್ಲವನ್ನೂ ಹೇಳಿದಳು. ಅವರು ಕೇಳಿದರು, ತಲೆ ಆಡಿಸಿದರು, ಆಮೇಲೆ ನನ್ನ ಕಡೆ ನೋಡಿ ಮೃದುವಾಗಿ ನಕ್ಕರು.

"ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ವಯಸ್ಸಿನಲ್ಲಿ ಇದು ಸಹಜ. ಮೆನೋಪಾಸ್ ಆದ ಮೇಲೆ ಗಮನ, ನೆನಪು ಸ್ವಲ್ಪ ಏರುಪೇರಾಗುತ್ತೆ. ನಮ್ಮ ಅಧ್ಯಯನವೇ ಅದರ ಮೇಲಲ್ವಾ? ವರದಿಯಲ್ಲಿ ಕ್ಷೇತ್ರ ಸಿಬ್ಬಂದಿಯ ನೆನಪಿನ ದೋಷ ಅಂತ ಹಾಕೋಣ. ನಿಮ್ಮ ಹೆಸರೇನೂ ಬರಲ್ಲ."

ಕಿವಿಯ ಹಿಂದೆ ಬೆವರಿಳಿಯಿತು. ಈ ಹಾಳು ಬೆವರು ಎರಡು ವರ್ಷದಿಂದ ಬೇಡದ ಹೊತ್ತಿಗೇ ಬರುತ್ತದೆ.

"ಸರ್, ನನಗೆ ಮರೆವು ಇರಬಹುದು, ಇಲ್ಲದಿರಬಹುದು. ನನ್ನ ಮೆದುಳನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಆದರೆ ಈ ತಪ್ಪನ್ನು ಮುಟ್ಟು ನಿಲ್ಲದ ಸಪ್ನಾ ಮಾಡಿದ್ದಾಳೆ. ಲಗ್ನ ಗೊತ್ತಾದ ಯಲ್ಲಾಲಿಂಗ ಮಾಡಿದ್ದಾನೆ. ಆ ಪ್ರಶ್ನೆಗೆ ಒಪ್ಪಿಗೆ ಕೊಟ್ಟವರು ನೀವು. ನಿಮಗೆ ಮುಟ್ಟು ಯಾವಾಗ ನಿಂತಿತು?"

ಸಪ್ನಾಳಿಗೆ ಕೆಮ್ಮು ಬಂತು. ಪರದೆ ಅಲ್ಲಾಡದೆ ನಿಂತಿತು; ನೆಟ್‌ವರ್ಕ್ ಹೋಯಿತೋ ಡಾಕ್ಟರೇ ಹಾಗೆ ಕೂತರೋ ಮೊದಲು ಗೊತ್ತಾಗಲಿಲ್ಲ.

"ಹಾಗಾದರೆ ಏನಂತ ಬರೀಬೇಕು ಅಂತೀರಿ?" ಎಂದರು ಕೊನೆಗೆ. ನಗು ಹೋಗಿತ್ತು. ಅದು ಹೋದದ್ದರಿಂದ ನನಗೆ ಮಾತಾಡುವುದು ಸುಲಭವಾಯಿತು.

"ಪ್ರಶ್ನೆಯ ಪದ ತಪ್ಪು ಅಂತ ಬರೀರಿ. ಆ ಪದ ಸೂಚಿಸಿದವರು ದಾಕ್ಷಾಯಿಣಿ ಅಂತಲೂ ಬರೀರಿ. ಹೆಸರು ಬರಲಿ. ನೆನಪಿನ ದೋಷ ಅಂತ ಮಾತ್ರ ಬೇಡ, ಯಾಕೆಂದರೆ ಅದು ಸುಳ್ಳು. ಸುಳ್ಳು ಕಾರಣ ಬರೆದು ನನ್ನೊಬ್ಬಳನ್ನು ತೆಗೆದುಹಾಕಿದರೆ ಉಳಿದವರು ನಾಳೆಯೂ ಅದೇ ಪ್ರಶ್ನೆ ಕೇಳುತ್ತಾರೆ."

ಅವರು ಬಹಳ ಹೊತ್ತು ಏನೋ ಟೈಪು ಮಾಡಿದರು. ಆಮೇಲೆ ಹೊಸ ಪ್ರಶ್ನೆ ಹೇಗಿರಬೇಕೆಂದು ಕೇಳಿದರು. ಈ ಸಲ ನಾನು ಜಾಣತನ ಮಾಡಲಿಲ್ಲ. ಕೌಜಲಗಿಗೆ ಫೋನು ಹಚ್ಚಿ, ದನಿ ದೊಡ್ಡದು ಮಾಡಿ, ಕಾಡವ್ವನನ್ನೇ ಕೇಳಿದೆ.

"ಎರಡ ಸಲ ಕೇಳ್ರಿ" ಎಂದಳು ಕಾಡವ್ವ. "ಮಕ್ಕಳ ಸಾಕಂತ ಆಪರೇಶನ್ ಮಾಡಿಸಿಯೇನು ಅಂತ ಒಮ್ಮೆ. ಮಕ್ಕಳ ಚೀಲಾನ ತಗಿಸಿಯೇನು ಅಂತ ಒಮ್ಮೆ. ಆಮ್ಯಾಲೆ, ತಿಂಗಳದ್ದು ಬರತೈತೇನು ಅಂತ ಎಲ್ಲಾರಿಗೂ ಕೇಳ್ರಿ, ಯಾರನ್ನೂ ಬಿಡಬ್ಯಾಡ್ರಿ. ಇದನ್ನ ಕೇಳಾಕ ಅಷ್ಟ ದೊಡ್ಡ ಮಷೀನ ಯಾಕ ಬೇಕಿತ್ರಿ?"

ಡಾಕ್ಟರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಫಾರ್ಮುಗಳನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ ಎಂದರು. ಆದರೆ ಫಾರ್ಮ್ ತುಂಬಿದವರೆಲ್ಲ ತಮ್ಮ ತಮ್ಮ ಎಲ್ಲ ಮನೆಗಳಿಗೂ ಮತ್ತೆ ಹೋಗಿ ಕೇಳಬೇಕು, ಅಲ್ಲಿಯವರೆಗೆ ಒಂದು ಸ್ಕ್ಯಾನೂ ಇಲ್ಲ. ಯಲ್ಲಾಲಿಂಗನ ಲಗ್ನದ ತಯಾರಿಯೆಲ್ಲ ಕೆಟ್ಟಿತು. ಅವನು ಮೂರು ದಿನ ನನ್ನ ಫೋನು ಎತ್ತಲಿಲ್ಲ.

ಅಣ್ಣಪ್ಪನವರಿಗೆ ರಾತ್ರಿ ಊಟಕ್ಕೆ ಬಡಿಸುವಾಗ ಎಲ್ಲ ಹೇಳಿದೆ. "ಡಾಕ್ಟರಿಗೆ ಹಂಗ ಕೇಳಿದಿ?" ಎಂದು ರೊಟ್ಟಿ ಕೈಯಲ್ಲೇ ಹಿಡಿದು ಕೂತರು. ನಮ್ಮವ್ವನ ಮಾತು ಎತ್ತಲಿಲ್ಲ.

ಭಯ ಹೋಗಿದೆ ಎಂದು ಹೇಳಲಾರೆ. ನನ್ನ ತಲೆಯೊಳಗೆ ಏನು ನಡೆದಿದೆಯೋ ನನಗೆ ಗೊತ್ತಿಲ್ಲ, ಸಿಬ್ಬಂದಿಯ ಮೆದುಳಿನ ಚಿತ್ರ ತೆಗೆಯಲು ನಿಯಮವಿಲ್ಲವಂತೆ. ಸೋಮವಾರ ಪಟ್ಟಿಯ ಮೊದಲ ಮನೆಗೆ ಹೊರಟೆ, ಕಣಗಲಾಕ್ಕೆ. ಹೆದ್ದಾರಿಯಲ್ಲಿ ಇಳಿದು ನಡೆದೆ. ಆ ಮನೆಯ ಹೆಂಗಸು ಬಾಗಿಲಲ್ಲೇ ನನ್ನ ಗುರುತು ಹಿಡಿದಳು. ಚಾಪೆ ಹಾಸಿದಳು. ನಾನು ಟ್ಯಾಬ್ ತೆರೆದು ಹದಿನೇಳನೆಯ ಪ್ರಶ್ನೆಯನ್ನು ಹೊಸ ಮಾತಿನಲ್ಲಿ ಓದಿದೆ.

"ಇದನ್ನ ಹೋದ ಸಲಾನೂ ಕೇಳಿದ್ರೆಲ್ರಿ ಅಕ್ಕಾರ" ಎಂದಳು ಅವಳು, ನನ್ನ ಮುಖವನ್ನೇ ಕನಿಕರದಿಂದ ನೋಡುತ್ತ. "ಮರ್ತ್ರೇನು?"

"ಮರ್ತಿಲ್ಲವಾ" ಎಂದೆ. "ತಪ್ಪ ಕೇಳಿದ್ದೆ. ಈಗ ಸರಿಯಾಗಿ ಕೇಳ್ತೇನಿ, ಹೇಳು."

ಅವಳು ನಂಬಲಿಲ್ಲ. ಉಳಿದ ಮನೆಗಳಲ್ಲೂ ಯಾರೂ ನಂಬುವುದಿಲ್ಲ. ಅಷ್ಟೂ ಮನೆಯಲ್ಲಿ ಇದೇ ಮಾತು ಹೇಳಬೇಕು.